ಎಸ್-100 ಅಂದರೆ ನೂರಕ್ಕೆ ನೂರು ಅಲ್ಲ

"ಮಾರ್ಕರ್ ಪಾಸಿಟಿವ್ ಬಂದಿದೆ. ಅಂದ್ರೆ ಕ್ಯಾನ್ಸರ್ರೇ ಅಲ್ವಾ ಡಾಕ್ಟ್ರೇ?"

ಅಲ್ಲ. ಮಾರ್ಕರ್ ಅಂದರೆ ಜೀವಕೋಶ ಯಾವ ಜಾತಿಯದು ಅಂತ ಗುರುತಿಸಲು ನಾವು ಬಣ್ಣ ಹಾಕಿ ಹುಡುಕುವ ಪ್ರೋಟೀನು. ದೇಹದಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್ ಆಗಿ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಒಂದು ಬೀಗರೂಟದಲ್ಲಿ ಎಲೆಗೆ ಮುದ್ದೆ ಬೀಳುತ್ತಿದ್ದ ಹಾಗೇ ಪಕ್ಕದವರು ಫೋನ್ ಚಾಚಿದರು. ಅವರ ಭಾಮೈದನ ಮುಂಗೈಯ ಗಂಟು ತೆಗೆಸಿದ್ದರಂತೆ. ರಿಪೋರ್ಟಿನಲ್ಲಿ "ಎಸ್-100: ಪಾಸಿಟಿವ್". ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಕಂಡದ್ದು ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ಎರಡು ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿಲ್ಲ. "ನೂರು ಬಂದಿದೆ ಅಂದ್ರೆ ಕೊನೇ ಸ್ಟೇಜಾ ಸಾರ್?"

ನಗಬಾರದಿತ್ತು, ನಕ್ಕುಬಿಟ್ಟೆ. ಆ ನೂರು ಯಾರ ಅಂಕವೂ ಅಲ್ಲ. 1965ರಲ್ಲಿ ಹಸುವಿನ ಮಿದುಳಿನಿಂದ ಬೇರ್ಪಡಿಸಿದ ಈ ಪ್ರೋಟೀನು, ಅಮೋನಿಯಂ ಸಲ್ಫೇಟಿನ ಶೇ. 100 ಪರ್ಯಾಪ್ತ ದ್ರಾವಣದಲ್ಲೂ ಕರಗಿಯೇ ಉಳಿಯುತ್ತಿತ್ತು, ಅದಕ್ಕೆ ಆ ಹೆಸರು. ಇಷ್ಟು ಹೇಳುವಷ್ಟರಲ್ಲಿ ಮುದ್ದೆ ಆರಿತ್ತು. ರಿಪೋರ್ಟಿನ ಕೊನೆಯ ಸಾಲಲ್ಲಿ "ಶ್ವಾನೋಮ" ಅಂತ ಸ್ಪಷ್ಟವಾಗಿ ಬರೆದಿದ್ದರು. ನರದ ಹೊದಿಕೆಯಲ್ಲಿ ಬೆಳೆಯುವ ಸಾಧು ಗಂಟು, ಕ್ಯಾನ್ಸರ್ ಅಲ್ಲ. ಅಷ್ಟು ಕೆಳಗೆ ಯಾರೂ ಓದಿರಲೇ ಇಲ್ಲ.

"ಪಾಸಿಟಿವ್" ಅನ್ನುವ ಪದವನ್ನು ಕೊರೋನಾ ಕೆಡಿಸಿತು. ನಮ್ಮಲ್ಲಿ ಅದರ ಅರ್ಥ, ಆ ಜೀವಕೋಶದಲ್ಲಿ ಆ ಪ್ರೋಟೀನ್ ಇದೆ, ಅಷ್ಟೇ. ಮಾರ್ಕರ್ ಹೇಳುವುದು ಕುಲಗೋತ್ರ, ನಡತೆಯಲ್ಲ. ಹುಟ್ಟಿನಿಂದ ನಿಮ್ಮ ಕೆನ್ನೆಯ ಮೇಲಿರುವ ಮಚ್ಚೆಯಲ್ಲೂ ಎಸ್-100 ಇದೆ. ನರದಲ್ಲಿದೆ, ಕೊಬ್ಬಿನಲ್ಲಿದೆ, ಮೃದ್ವಸ್ಥಿಯಲ್ಲೂ ಇದೆ.

ಸಾಧುವೋ ಕೇಡಿಯೋ ಅನ್ನುವುದನ್ನು ಬಹುಪಾಲು ಹಳೇ ಗುಲಾಬಿ-ನೇರಳೆ ಬಣ್ಣದ ಸ್ಲೈಡೇ ಹೇಳುತ್ತದೆ. ಮಾರ್ಕರ್ ಬೇಕಾಗುವುದು ಕೋಶಗಳು ವೇಷ ಮರೆಸಿಕೊಂಡಾಗ. ಬಣ್ಣವೇ ಇಲ್ಲದ ಮೆಲನೋಮ ಒಮ್ಮೆ ಲಿಂಫೋಮದ (ಬಿಳಿ ರಕ್ತಕಣಗಳ ಕ್ಯಾನ್ಸರ್) ಹಾಗೆ, ಇನ್ನೊಮ್ಮೆ ಸಾರ್ಕೋಮದ (ಮಾಂಸ, ಮೂಳೆಯಂಥ ಅಂಗಾಂಶದ ಕ್ಯಾನ್ಸರ್) ಹಾಗೆ ಕಾಣುತ್ತದೆ. ಆಗ ಸೈಟೋಕೆರಟಿನ್, ಸಿಡಿ45, ಡೆಸ್ಮಿನ್, ಎಸ್-100, ಸಾಕ್ಸ್10 ಅನ್ನುವ ಮಾರ್ಕರುಗಳೆಲ್ಲವನ್ನೂ ಒಟ್ಟಿಗೆ ಹಾಕಿ ನೋಡುತ್ತೇವೆ. ಎಚ್‌ಎಂಬಿ-45 ಅನ್ನುವ ಇನ್ನೊಂದು ಮಾರ್ಕರ್ ಮೆಲನೋಮಕ್ಕೆ ಹೆಚ್ಚು ನಂಬಿಕಸ್ಥ, ಆದರೆ ಡೆಸ್ಮೋಪ್ಲಾಸ್ಟಿಕ್ ಅನ್ನುವ ಬಗೆಯ ಮೆಲನೋಮದಲ್ಲಿ ಹೆಚ್ಚಾಗಿ ಕೈಕೊಡುತ್ತದೆ. ಮೂತ್ರಪಿಂಡದ ಆಂಜಿಯೋಮಯೋಲಿಪೋಮ ಅನ್ನುವ ಬೇರೆಯದೇ ಗಂಟಿನಲ್ಲಿ ಬಂದು ಕೂರುತ್ತದೆ. ಇನ್ನೊಂದು ಪೀಕಲಾಟ: ಮಾರ್ಕರಿಗೆ ನಾವು ಹಾಕುವ ಬಣ್ಣ ಕಂದು, ಆ ಕೋಶಗಳ ಸ್ವಂತ ಬಣ್ಣವಾದ ಮೆಲನಿನ್ನೂ ಕಂದು. ಹಾಗಾಗಿ ಎಷ್ಟೋ ಸಲ ಕೆಂಪು ಬಣ್ಣ ಬಳಸುತ್ತೇವೆ.

"ಹಾಗಾದ್ರೆ ನಿಮಗೇ ಗ್ಯಾರಂಟಿ ಇಲ್ಲ ಅನ್ನಿ" ಅಂತಾರೆ. ಗ್ಯಾರಂಟಿ ಮಿಕ್ಸಿ ಅಂಗಡಿಯಲ್ಲಿ ಸಿಗುತ್ತದೆ.

ಯಾರೂ ಕೇಳದ ಪ್ರಶ್ನೆ ಒಂದಿದೆ: "ಪರೀಕ್ಷೆಗೆ ತೆಗೆದ ಚೂರನ್ನು ಯಾವುದರಲ್ಲಿ ಹಾಕಿ ಕಳಿಸಿದ್ರು?" ಇದನ್ನು ಕೇಳುವವರು ಸಿಕ್ಕರೆ ನಾನೇ ಕಾಫಿ ಕೊಡಿಸುತ್ತೇನೆ.

ನಮ್ಮ ಜನರಲ್ಲಿ ಮೆಲನೋಮ ಹೆಚ್ಚಾಗಿ ಕಾಣುವ ಜಾಗಗಳಲ್ಲಿ ಅಂಗಾಲು ಒಂದು. ಮುಳ್ಳು ಚುಚ್ಚಿದ್ದು ಅಂತ ಬಿಟ್ಟಿರುತ್ತಾರೆ. ಹಾಗೆ ಬಿಟ್ಟಿದ್ದ ಹಿರಿಯರೊಬ್ಬರ ಹಿಮ್ಮಡಿಯ ಚೂರು ನಮಗೆ ಬಂತು, ಚೂರು ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಲ್ಲ, ಬರೀ ಉಪ್ಪುನೀರಿನ ಸಲೈನ್ ಬಾಟಲಿಯಲ್ಲಿ. ಎರಡು ದಿನ ಬಸ್ಸಿನ ಶೆಕೆಯಲ್ಲಿ ಕೊಳೆತಿತ್ತು. ಆದರೂ ನಾವೇ ಫಾರ್ಮಲಿನ್ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಸ್ಲೈಡುಗಳನ್ನು ಪ್ರೆಷರ್ ಕುಕ್ಕರಿನಲ್ಲಿಟ್ಟೆವು (ಹೌದು, ಕುಕ್ಕರೇ, ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನುಗಳು ಬಿಸಿಗೆ ಬಯಲಾಗುತ್ತವೆ). ಎಸ್-100 ಎಲ್ಲೂ ಹತ್ತಲಿಲ್ಲ. ಅದೇ ಚೂರಿನೊಳಗಿದ್ದ ನರಕ್ಕಾದರೂ ಬಣ್ಣ ಬರಲೇಬೇಕಿತ್ತು, ಅದೂ ಬಿಳಚಿಕೊಂಡಿತ್ತು. ಅಂದರೆ ಕೊಳೆತ ಚೂರಿನಲ್ಲಿ ಪರೀಕ್ಷೆಯೇ ಕೆಲಸ ಮಾಡಿರಲಿಲ್ಲ. ನೆಗೆಟಿವ್ ಅಂತ ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ಇನ್ನೊಂದು ಚೂರು ಬೇಕು ಅಂತ ಬರೆದೆ. ಆ ಹಿರಿಯರ ಹಿಮ್ಮಡಿಗೆ ಎರಡನೇ ಸಲ ಕತ್ತರಿ ಬಿತ್ತು.

ಫಾರ್ಮಲಿನ್ ಡಬ್ಬಿಯನ್ನು ಆ ಸಲ ನಾನೇ ಅವರ ಮಗನ ಕೈಯಲ್ಲಿ ಕೊಟ್ಟು ಕಳಿಸಿದೆ. ಬಾಗಿಲ ತನಕ ಹೋದವನು ತಿರುಗಿ ನಿಂತು ಕೇಳಿದ: "ಈ ಸಲ ಪಾಸಿಟಿವ್ ಬರುತ್ತಾ ಸಾರ್?"