ನದಿಯೇ ಗಡಿಯಾದ ಊರು: ಲೌಫೆನ್

ಜರ್ಮನಿಯ ಬವೇರಿಯಾ ರಾಜ್ಯದ ಆಗ್ನೇಯ ಅಂಚಿನಲ್ಲಿ, ಸಾಲ್ಜಾಖ್ ನದಿ ಬಳಸಿ ಹರಿಯುವ ತಿರುವಿನೊಳಗೆ ಲೌಫೆನ್ ಎಂಬ ಸಣ್ಣ ಪಟ್ಟಣವಿದೆ. ಅದರ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಅಲ್ಲಿನ ಹಳೆಯ ಗೋಥಿಕ್ ಚರ್ಚಿಗಿಂತಲೂ ಆಪ್ತರಾದವರು ದೋಣಿಗಾರರು. ಹಾಲೈನ್ ಎಂಬ ಊರಿನ ಉಪ್ಪನ್ನು ಶತಮಾನಗಳ ಕಾಲ ನದಿಯ ಮೇಲೆ ಸಾಗಿಸಿದ ಈ ಜನ, ಚಳಿಗಾಲದಲ್ಲಿ ಸಂಚಾರ ನಿಂತು ದುಡಿಮೆಯಿಲ್ಲದಾದಾಗ ನಾಟಕ ತಂಡಗಳನ್ನು ಕಟ್ಟಿಕೊಂಡು ಊರೂರು ಸುತ್ತಿ ಹೊಟ್ಟೆ ಹೊರೆಯುತ್ತಿದ್ದರು. ಕಷ್ಟಕಾಲದಲ್ಲಿ ರಂಗಭೂಮಿಯನ್ನು ನೆಚ್ಚಿದ ಈ ಶ್ರಮಜೀವಿಗಳ ಬಗ್ಗೆ ನನಗೆ ಅಪಾರ ಗೌರವವಿದೆ.

ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪರ ಆಳ್ವಿಕೆಯಲ್ಲಿ ನದಿಯ ಎರಡೂ ದಡಗಳು ಒಂದೇ ಊರಾಗಿದ್ದವು. ನೆಪೋಲಿಯನ್ ಯುದ್ಧಗಳ ಬಳಿಕ, 1816ರ ಒಪ್ಪಂದ ನದಿಯನ್ನೇ ಗಡಿಯನ್ನಾಗಿಸಿತು. ಲೌಫೆನ್ ಬವೇರಿಯಾಕ್ಕೆ ಉಳಿಯಿತು, ಎದುರು ದಡದ ಉಪನಗರ ಓಬರ್ನ್‌ಡಾರ್ಫ್ ಆಸ್ಟ್ರಿಯಾಕ್ಕೆ ಸೇರಿತು. ಬಂಧುಬಳಗದ ನಡುವೆ, ಅವರನ್ನು ಕೇಳದೆಯೇ ಎಳೆದ ಆ ಗೆರೆ ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಆದರೂ ಒಡನಾಟ ಕಡಿಯಲಿಲ್ಲ. 1903ರಲ್ಲಿ ತೆರೆದ ಉಕ್ಕಿನ ಸೇತುವೆ ಎರಡೂ ಊರುಗಳನ್ನು ಬೆಸೆದಿದೆ, ಆಸ್ಟ್ರಿಯಾ 1995ರಲ್ಲಿ ಐರೋಪ್ಯ ಒಕ್ಕೂಟವನ್ನು ಸೇರಿದ ನಂತರದ ವರ್ಷಗಳಲ್ಲಿ ಅಲ್ಲಿನ ಗಡಿ ತಪಾಸಣೆಯೂ ಸಡಿಲಗೊಂಡಿತು.