ಮೂರು ಲಿವರ್‌ಗಳ ಹಳೆಯ ಟ್ರಕ್ಕು

ಐದು ತಿಂಗಳ ಹಿಂದೆ ನಾನು 1950ರ ದಶಕದ ಒಂದು ವಿಲ್ಲಿಸ್ (ಜೀಪು ತಯಾರಿಸುತ್ತಿದ್ದ ಅಮೆರಿಕದ ಕಂಪನಿ) ಫೋರ್ ವೀಲ್ ಡ್ರೈವ್ ಪಿಕಪ್ ಟ್ರಕ್ಕನ್ನು ಕೊಂಡೆ. ಅದರ ನೆಲದಿಂದ ಮೂರು ಲಿವರ್‌ಗಳು ಮೇಲೆದ್ದಿವೆ; ಉದ್ದನೆಯದು ಗೇರಿನದು, ಪಕ್ಕದ ಎರಡು ಗಿಡ್ಡ ಲಿವರ್‌ಗಳು ಟ್ರಾನ್ಸ್‌ಫರ್ ಕೇಸಿನವು, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯವು. ಹದಿನೈದು ವರ್ಷ ಕಾರು ಓಡಿಸಿದ್ದ ನನಗೆ ಗೇರು ಬದಲಾಯಿಸುವುದು ಯೋಚಿಸಿ ಮಾಡುವ ಕೆಲಸವಾಗಿ ಉಳಿದಿರಲಿಲ್ಲ. ಆದರೆ ಮೊದಲ ದಿನ ಮೊದಲ ಗೇರಿಗೆ ಹಾಕಲು ಹೋದಾಗ ಗೇರ್ ಬಾಕ್ಸು ಕರ್ರೆಂದು ಕಿರುಚಿತು. ಮೂವತ್ತು ವರ್ಷ ಆ ಗಾಡಿಯನ್ನು ಓಡಿಸಿದ್ದ ಹಿಂದಿನ ಮಾಲೀಕರು ಪಕ್ಕದಲ್ಲೇ ಕುಳಿತಿದ್ದರು. "ತಳ್ಳಬೇಡಿ, ಸ್ವಲ್ಪ ಕಾಯಿರಿ, ಅದೇ ಒಳಗೆ ಹೋಗುತ್ತದೆ" ಎಂದರು. ಕಾಯಬೇಕಾದದ್ದು ಯಾವುದಕ್ಕಾಗಿ ಎಂಬುದು ಸರಿಯಾಗಿ ಅರ್ಥವಾಗಲು ನನಗೆ ಆರು ವಾರ ಹಿಡಿಯಿತು.

ಗೇರ್ ಬಾಕ್ಸಿನೊಳಗೆ ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿರುವ ಎರಡು ಭಾಗಗಳನ್ನು ಒಂದಕ್ಕೊಂದು ಕಚ್ಚಿಸಬೇಕು. ಒಂದು ಭಾಗ ಎಂಜಿನ್ನಿನ ಕಡೆಯಿಂದ, ಇನ್ನೊಂದು ಚಕ್ರಗಳ ಕಡೆಯಿಂದ ಸುತ್ತುತ್ತದೆ. ಇಂದಿನ ಕಾರುಗಳಲ್ಲಿ ಈ ಎರಡರ ವೇಗವನ್ನು ಹಲ್ಲುಗಳು ಕೂಡುವ ಮೊದಲೇ ಸಮ ಮಾಡುವ ಉಂಗುರವೊಂದಿರುತ್ತದೆ. ಶಂಕುವಿನಾಕಾರದ ಮೈಗೆ ಅದು ಉಜ್ಜಿಕೊಂಡು, ಘರ್ಷಣೆಯಿಂದಲೇ ಒಂದನ್ನು ಇನ್ನೊಂದರ ವೇಗಕ್ಕೆ ತರುತ್ತದೆ. ಸಿಂಕ್ರೋಮೆಶ್ ಎನ್ನುವ ಈ ಏರ್ಪಾಡನ್ನು 1928ರಲ್ಲಿ ಕ್ಯಾಡಿಲ್ಯಾಕ್ ತನ್ನ ಕಾರುಗಳಲ್ಲಿ ಮೊದಲು ತಂದಿತು. ನನ್ನ ಟ್ರಕ್ಕಿನ ಮೂರು ಗೇರುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಅದು ಇದೆ. ಮೊದಲನೆಯದಕ್ಕೂ ರಿವರ್ಸಿಗೂ ಇಲ್ಲ. ಹಾಗಾಗಿ ಆ ಎರಡು ಕಡೆ ವೇಗಗಳನ್ನು ಸಮ ಮಾಡುವ ಹೊಣೆ ಓಡಿಸುವವರದೇ.

ಗಾಡಿ ನಿಂತಿರುವಾಗ ಮೊದಲ ಗೇರು ಕಿರುಚುವುದಕ್ಕೂ ಇದೇ ಕಾರಣ. ಕ್ಲಚ್ ಒತ್ತಿದ ಮೇಲೂ ಎಂಜಿನ್ನಿನ ಕಡೆಯ ಶಾಫ್ಟು (ಸುತ್ತುವ ದಂಡ) ಹಿಂದಿನ ಓಟದ ಬಲದಲ್ಲಿ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ, ಆದರೆ ಚಕ್ರದ ಕಡೆಯ ಭಾಗ ನಿಶ್ಚಲವಾಗಿರುತ್ತದೆ. ಎರಡು ಮೂರು ಸೆಕೆಂಡು ಕಾದರೆ ಶಾಫ್ಟು ನಿಲ್ಲುತ್ತದೆ, ಗೇರು ಸದ್ದಿಲ್ಲದೆ ಒಳಗೆ ಜಾರುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ಲಿವರನ್ನು ಒಮ್ಮೆ ಎರಡನೆಯ ಗೇರಿನ ಕಡೆಗೆ ಒತ್ತಿ, ಅಲ್ಲಿಯ ಸಿಂಕ್ರೋ ಉಂಗುರವೇ ಶಾಫ್ಟನ್ನು ಹಿಡಿದು ನಿಲ್ಲಿಸುವಂತೆ ಮಾಡಿ, ಬಳಿಕ ಮೊದಲನೆಯದಕ್ಕೆ ಎಳೆಯಬಹುದು. ಈ ಉಪಾಯವನ್ನು ನಾನು ದಿನಕ್ಕೆ ಹತ್ತಾರು ಬಾರಿ ಬಳಸುತ್ತೇನೆ. ಹಳೆಯ ಗಾಡಿ ಕೊಂಡ ಯಾರಿಗಾದರೂ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಗಾಡಿ ಚಲಿಸುತ್ತಿರುವಾಗ ಎರಡನೆಯದರಿಂದ ಮೊದಲನೆಯದಕ್ಕೆ ಇಳಿಸುವುದು ನಿಜವಾಗಿ ಕಷ್ಟದ ಕೆಲಸ. ದಿಬ್ಬ ಹತ್ತುವಾಗ ಎಂಜಿನ್ ಉಸಿರು ಕಟ್ಟುತ್ತಿದ್ದಂತೆ ಇದನ್ನು ಮಾಡಲೇಬೇಕಾಗುತ್ತದೆ, ಮತ್ತು ಅಲ್ಲಿ ತಪ್ಪಿದರೆ ಗಾಡಿ ನಿಂತೇಬಿಡುತ್ತದೆ. ಕ್ಲಚ್ ಒತ್ತಿ ಲಿವರನ್ನು ನ್ಯೂಟ್ರಲ್‌ಗೆ ತಂದು, ಅಲ್ಲಿಯೇ ಕ್ಲಚ್ಚನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಎಂಜಿನ್ನಿನ ವೇಗವನ್ನು ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಡಬಲ್ ಕ್ಲಚ್ ಎಂದು ಹಳೆಯ ಲಾರಿ ಚಾಲಕರು ಹೇಳುವುದು ಇದನ್ನೇ. ನ್ಯೂಟ್ರಲ್‌ನಲ್ಲಿ ಕ್ಲಚ್ಚನ್ನು ಏಕೆ ಬಿಡಬೇಕು ಎಂಬುದು ಬಹಳ ದಿನ ನನಗೆ ಹೊಳೆದಿರಲಿಲ್ಲ. ಬಿಡದೆಯೇ ಆಕ್ಸಿಲರೇಟರ್ ಒತ್ತಿ, ಗೇರು ಕಿರುಚಿದಾಗ ಇನ್ನಷ್ಟು ಒತ್ತುತ್ತಿದ್ದೆ. ಕ್ಲಚ್ ಒತ್ತಿಕೊಂಡೇ ಇದ್ದರೆ ಎಂಜಿನ್ನಿಗೂ ಗೇರ್ ಬಾಕ್ಸಿನ ಶಾಫ್ಟಿಗೂ ಸಂಬಂಧವೇ ಇರುವುದಿಲ್ಲವಾದ್ದರಿಂದ ಎಂಜಿನ್ ಎಷ್ಟು ಗರ್ಜಿಸಿದರೂ ಶಾಫ್ಟಿನ ವೇಗ ಏರುವುದಿಲ್ಲ. ಬಿಟ್ಟಾಗ ಮಾತ್ರ ಆಕ್ಸಿಲರೇಟರಿನ ಮಾತು ಹಲ್ಲುಗಳವರೆಗೆ ತಲುಪುತ್ತದೆ. ಇದು ಅರ್ಥವಾದ ಸಂಜೆಯೇ ಖಾಲಿ ಮೈದಾನವೊಂದರಲ್ಲಿ ನಡಿಗೆಯ ವೇಗದಲ್ಲಿ ಅಭ್ಯಾಸ ಮಾಡಿದೆ, ಮತ್ತು ಸುಮಾರು ಇಪ್ಪತ್ತನೆಯ ಪ್ರಯತ್ನದಲ್ಲಿ ಮೊದಲ ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಆ ಸಂತೋಷವನ್ನು ನಾನು ಇನ್ನೂ ಮರೆತಿಲ್ಲ.

ಮೇಲಿನ ಗೇರಿಗೆ ಹೋಗುವಾಗ ಕ್ರಮ ತಿರುಗುಮುರುಗಾಗುತ್ತದೆ: ಶಾಫ್ಟಿನ ವೇಗ ಇಳಿಯಬೇಕು, ಆದ್ದರಿಂದ ಆಕ್ಸಿಲರೇಟರ್ ಒತ್ತದೆ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದರೆ ಸಾಕು. ಎರಡನೆಯದಕ್ಕೂ ಮೂರನೆಯದಕ್ಕೂ ಸಿಂಕ್ರೋ ಇದ್ದರೂ ಸವೆದ ಉಂಗುರಗಳ ಮೇಲೆ ಭಾರ ಹಾಕಬಾರದೆಂದು ನಾನು ಅಲ್ಲಿಯೂ ಆ ಒಂದು ಕ್ಷಣವನ್ನು ಕೊಡುತ್ತೇನೆ. ಎಣ್ಣೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಆಕ್ಸಲ್‌ಗಳಿಗೆ, ಅಂದರೆ ಚಕ್ರಗಳ ಅಚ್ಚುಗಳಿಗೆ, ಒಪ್ಪುವ ಜಿಎಲ್-5 ದರ್ಜೆಯ ಗೇರ್ ಎಣ್ಣೆಯನ್ನು ಯಾರೋ ಈ ಗೇರ್ ಬಾಕ್ಸಿಗೂ ತುಂಬಿದ್ದರು. ಅದರಲ್ಲಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹಿತ್ತಾಳೆಯಂಥ ಲೋಹಕ್ಕೆ ಹಾನಿ ಮಾಡಬಲ್ಲವು, ಸಿಂಕ್ರೋ ಉಂಗುರಗಳು ಅದೇ ಬಗೆಯ ಲೋಹದವು. ಜಿಎಲ್-4ಕ್ಕೆ ಬದಲಾಯಿಸಿದೆ.

ಇನ್ನು ಗಿಡ್ಡ ಲಿವರ್‌ಗಳು. ಒಂದು, ಮುಂದಿನ ಆಕ್ಸಲ್ಲನ್ನು ಸೇರಿಸುತ್ತದೆ ಅಥವಾ ಬಿಡಿಸುತ್ತದೆ. ಇನ್ನೊಂದು ಹೈ, ನ್ಯೂಟ್ರಲ್, ಲೋ ಎಂಬ ಮೂರು ಸ್ಥಾನಗಳದು. ಲೋದಲ್ಲಿ ಅನುಪಾತ 2.46:1, ಅಂದರೆ ಎಂಜಿನ್ ಅದೇ ವೇಗದಲ್ಲಿ ಸುತ್ತಿದರೂ ಗಾಡಿ ಹೈನಲ್ಲಿ ಹೋಗುವ ವೇಗದ ಶೇಕಡಾ 40ರಷ್ಟರಲ್ಲಿ ತೆವಳುತ್ತದೆ, ಚಕ್ರಗಳಿಗೆ ತಲುಪುವ ತಿರುಚು ಬಲ ಅದಕ್ಕೆ ತಕ್ಕಷ್ಟು ಹೆಚ್ಚುತ್ತದೆ. ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬೀಳಬಾರದೆಂದು, ಮುಂದಿನದನ್ನು ಸೇರಿಸದೆ ಲೋಗೆ ಹೋಗಲಾಗದಂತೆ ಒಳಗೆ ತಡೆಯೊಂದನ್ನು ಇಟ್ಟಿದ್ದಾರೆ. ನನಗೆ ಆ ತಡೆ ತಿಳಿದಿರಲಿಲ್ಲ; ಲಿವರ್ ಕೆಟ್ಟಿದೆಯೆಂದು ಭಾವಿಸಿ ಎರಡು ದಿನ ಕಳೆದೆ. ಹೈನಿಂದ ಲೋಗೆ ನಾನು ಗಾಡಿಯನ್ನು ಪೂರ್ತಿ ನಿಲ್ಲಿಸಿಯೇ ಹಾಕುತ್ತೇನೆ, ಏಕೆಂದರೆ ಅಲ್ಲಿ ಸಿಂಕ್ರೋ ಇಲ್ಲ. ಹಲ್ಲಿಗೆ ಹಲ್ಲು ಎದುರಾಗಿ ನಿಂತು ಲಿವರ್ ಒಪ್ಪದಿದ್ದರೆ, ಗಾಡಿಯನ್ನು ಒಂದು ಅಂಗೈಯಷ್ಟು ಉರುಳಿಸಿ ಮತ್ತೆ ಹಾಕುತ್ತೇನೆ.

ಈ ಟ್ರಕ್ಕಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಏರ್ಪಾಡು, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು, ಆದರೆ ಟ್ರಾನ್ಸ್‌ಫರ್ ಕೇಸು ಎರಡೂ ಶಾಫ್ಟುಗಳನ್ನು ಒಂದೇ ವೇಗದಲ್ಲಿ ಸುತ್ತಿಸುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ, ಜಲ್ಲಿಯ ಮೇಲೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಆ ಬಿಗಿತವೆಲ್ಲ ಶಾಫ್ಟುಗಳಲ್ಲೇ ಹಗ್ಗ ಹೊಸೆದಂತೆ ತುಂಬಿಕೊಳ್ಳುತ್ತದೆ. ಒಮ್ಮೆ ಕೆಸರಿನಿಂದ ರಸ್ತೆಗೆ ಬಂದು ಎರಡು ತಿರುವು ಕಳೆದ ಮೇಲೆ ಮುಂದಿನ ಆಕ್ಸಲ್ಲನ್ನು ಬಿಡಿಸಲು ಲಿವರನ್ನು ಎಳೆದೆ, ಅಲುಗಾಡಲಿಲ್ಲ. ಬಲ ಹಾಕಬೇಕೆನ್ನಿಸಿದರೂ ಕೈ ತೆಗೆದು, ನೇರವಾಗಿ ಕೆಲವು ಅಡಿ ಹಿಂದಕ್ಕೆ ಹೋದೆ. ಹಾಗೆ ಹೋಗುತ್ತಿದ್ದಂತೆಯೇ ಶಾಫ್ಟಿನ ಬಿಗಿ ಸಡಿಲಿ ಲಿವರ್ ಎರಡು ಬೆರಳಿಗೆ ಬಂತು.

ಮುಂದಿನ ಚಕ್ರಗಳ ಹಬ್‌ಗಳನ್ನು, ಅಂದರೆ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ನಡುಭಾಗಗಳನ್ನು, ಕೈಯಿಂದಲೇ ಲಾಕ್ ಮಾಡಬೇಕು. ಇದನ್ನು ಮರೆತು ಒಂದು ಮಳೆಯ ಮಧ್ಯಾಹ್ನ ಕೆಸರು ದಾರಿಯಲ್ಲಿ ಸಿಕ್ಕಿಕೊಂಡೆ: ಲಿವರ್ ಸರಿಯಾಗಿ ಬಿದ್ದಿತ್ತು, ಮುಂದಿನ ಶಾಫ್ಟೂ ಸುತ್ತುತ್ತಿತ್ತು, ಚಕ್ರಗಳು ಮಾತ್ರ ಸುಮ್ಮನಿದ್ದವು. ಮೊಣಕಾಲವರೆಗಿನ ಕೆಸರಿಗಿಳಿದು ಹಬ್ ತಿರುಗಿಸುವುದಕ್ಕಿಂತ ದಾರಿಯ ಬಾಯಲ್ಲೇ ಇಳಿದು ತಿರುಗಿಸುವುದು ಸುಲಭ.

ಇಳಿಜಾರಿನ ಬಗ್ಗೆ ಹೇಳದೆ ಬಿಡಲಾರೆ, ಏಕೆಂದರೆ ಅಲ್ಲಿ ತಪ್ಪಿಗೆ ಅವಕಾಶ ಕಡಿಮೆ. ಕಡಿದಾದ ಕಚ್ಚಾ ದಾರಿಯಲ್ಲಿ ಇಳಿಯುವ ಮೊದಲು, ಮೇಲೆ ಸಮತಟ್ಟು ಇರುವಾಗಲೇ ಗಾಡಿ ನಿಲ್ಲಿಸಿ ಲೋ ಮತ್ತು ಮೊದಲ ಗೇರು ಹಾಕಿಕೊಂಡು, ಕ್ಲಚ್ಚಿನಿಂದ ಪಾದವನ್ನು ಪೂರ್ತಿ ತೆಗೆದಿಡಬೇಕು. ಹೆದರಿಕೆಯಲ್ಲಿ ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಟ್ರಕ್ಕಿನ ಭಾರ ಬ್ರೇಕುಗಳ ಮೇಲೆ ಬೀಳುತ್ತದೆ, ಈ ಹಳೆಯ ಡ್ರಮ್ ಬ್ರೇಕುಗಳಾದರೋ ಕಾದಷ್ಟೂ ದುರ್ಬಲವಾಗುತ್ತವೆ. ಮೊದಲ ಸಲ ಹಾಗೆ ಇಳಿದಾಗ ನನ್ನ ಎಡಗಾಲು ತಾನಾಗಿಯೇ ಪೆಡಲಿನ ಕಡೆ ಹೋಗುತ್ತಿತ್ತು. ಅದನ್ನು ಸೀಟಿನ ಕೆಳಕ್ಕೆ ಮಡಿಚಿಕೊಂಡು ಇಳಿದೆ.

ಕಳೆದ ವಾರ ಹಿಂದಿನ ಮಾಲೀಕರನ್ನು ಕರೆದುಕೊಂಡು ಹೋಗಿ, ಅವರು ಹಿಂದೆ ದಿನವೂ ಹತ್ತುತ್ತಿದ್ದ ದಿಬ್ಬದಲ್ಲಿಯೇ ಎರಡನೆಯದರಿಂದ ಮೊದಲನೆಯದಕ್ಕೆ ಇಳಿಸಿದೆ. ಗೇರು ಸದ್ದಿಲ್ಲದೆ ಬಿತ್ತು. ಅವರು ಏನೂ ಹೇಳಲಿಲ್ಲ. ಅಷ್ಟು ಹೊತ್ತು ಡ್ಯಾಶ್‌ಬೋರ್ಡಿನ ಅಂಚನ್ನು ಹಿಡಿದಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.