ಸ್ಕಾಲ್ಪೆಲ್ ಹಿಡಿ: ಮೊದಲು ನಂಬರ್ ನೋಡಿ, ಆಮೇಲೆ ನಾಲಗೆ ನೋಡಿ

ಪೇಪರ್ ಕಟಿಂಗ್‌ಗೋ ಪ್ಲಾಸ್ಟಿಕ್ ಮಾಡೆಲ್‌ಗೋ ಸ್ಕಾಲ್ಪೆಲ್ (ಬ್ಲೇಡು ಬದಲಿಸಬಹುದಾದ ಸರ್ಜನ್ನರ ಚಾಕು) ಕೊಳ್ಳಲು ಹೊರಟವರು ಬ್ಲೇಡಿನ ಬಗ್ಗೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಹಿಡಿಯನ್ನು ಮಾತ್ರ ಯಾವುದೋ ಒಂದು ಎಂದು ಬುಟ್ಟಿಗೆ ಹಾಕುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು. ಬ್ಲೇಡು ಒಂದು ಸಂಜೆಯ ಕೆಲಸಕ್ಕೆ ಮೊಂಡಾಗುವ ಸರಕು. ಹಿಡಿ ವರ್ಷಗಟ್ಟಲೆ ಕೈಯಲ್ಲಿರುತ್ತದೆ, ಮೇಲಾಗಿ ಯಾವ ಬ್ಲೇಡು ಹಾಕಬಹುದು ಎಂದು ತೀರ್ಮಾನಿಸುವುದೂ ಅದೇ.

ಬ್ಲೇಡು ಬೇರೆ, ಹಿಡಿ ಬೇರೆ ಎಂಬ ಈ ಜೋಡಣೆಗೆ ಮಾರ್ಗನ್ ಪಾರ್ಕರ್ ಪೇಟೆಂಟ್ ಪಡೆದದ್ದು 1915ರಲ್ಲಿ, ಶಸ್ತ್ರಚಿಕಿತ್ಸೆಯ ಉಪಯೋಗಕ್ಕೆ. ಹಿಡಿಯ ತುದಿಯಲ್ಲಿ ತೆಳ್ಳನೆಯ ನಾಲಗೆ, ಅದರ ಎರಡೂ ಅಂಚಿಗೆ ಸಣ್ಣ ಗೀರುಗಾಲುವೆ, ಬ್ಲೇಡಿನಲ್ಲಿ ಅದಕ್ಕೆ ಹೊಂದುವ ಉದ್ದನೆಯ ಸೀಳು. ಇಂದಿಗೂ ಅದೇ ವಿನ್ಯಾಸ. ನಂಬರುಗಳೂ ಆಸ್ಪತ್ರೆಯ ಕಡೆಯಿಂದಲೇ ಬಂದವು, ಹಾಗಾಗಿ ಕ್ರಾಫ್ಟ್ ಮಾಡುವವರಿಗೆ ಅವು ಒಗಟಿನಂತೆ ಕಾಣುತ್ತವೆ.

ಒಗಟು ಬಿಡಿಸುವುದು ಸುಲಭ. ನಂಬರ್ 3 ಹಿಡಿಗೆ ಚಿಕ್ಕ ಬ್ಲೇಡುಗಳು: 10, 10ಎ, 11, 12, 15. ನಂಬರ್ 4 ಹಿಡಿಗೆ ದೊಡ್ಡವು: 20ರಿಂದ 25ರವರೆಗಿನವು, ಜೊತೆಗೆ 25ಎ. ನಂಬರ್ 7 ಹಿಡಿ ಸಪೂರ, ಉದ್ದ, ಆದರೆ ಅದರ ನಾಲಗೆ 3ರದ್ದೇ. 3ಕ್ಕೆ ಕೂರುವ ಬ್ಲೇಡೆಲ್ಲ ಅದಕ್ಕೂ ಕೂರುತ್ತದೆ. 3 ಮತ್ತು 4ರ ನಡುವೆ ಮಾತ್ರ ಅದಲುಬದಲು ಇಲ್ಲ. ನಾಲಗೆಯ ಅಳತೆಯೇ ಬೇರೆ. ಒತ್ತಿ ಕೂರಿಸಲು ನೋಡಬೇಡಿ.

ದೊಡ್ಡ ಗೊಂದಲ ಇರುವುದು 11ರಲ್ಲಿ. ಎಕ್ಸ್-ಆಕ್ಟೊ ಮಾದರಿಯ ಹಾಬಿ ಚಾಕುವಿಗೂ 11 ಎಂಬ ಬ್ಲೇಡು ಇದೆ, ಸ್ಕಾಲ್ಪೆಲ್‌ಗೂ 11 ಇದೆ. ಎರಡೂ ಚೂಪು ಮೊನೆಯ ನೇರ ಬಾಯಿಯವು, ಆದರೆ ಒಂದರ ಬುಡಕ್ಕೂ ಇನ್ನೊಂದರ ಬುಡಕ್ಕೂ ಸಂಬಂಧವಿಲ್ಲ. ಹಾಬಿ ಚಾಕುವಿನ ಬ್ಲೇಡಿನ ಬುಡವನ್ನು ಚಕ್ (ಹಿಡಿಯ ತುದಿಯಲ್ಲಿ ತಿರುಗಿಸಿ ಬಿಗಿಯುವ ಭಾಗ) ಕಚ್ಚಿ ಹಿಡಿಯುತ್ತದೆ. ಸ್ಕಾಲ್ಪೆಲ್ ಬ್ಲೇಡು ನಾಲಗೆಯ ಮೇಲೆ ಜಾರಿ ಕೂರುತ್ತದೆ. ಸ್ವಾನ್-ಮಾರ್ಟನ್‌ನಂಥ ಒಂದೇ ಕಂಪನಿ ಎರಡೂ ಬಗೆಯನ್ನು ಮಾಡುವುದರಿಂದ ಬ್ರ್ಯಾಂಡ್ ನೋಡಿ ಕೊಂಡರೂ ಎಡವಟ್ಟಾಗಬಹುದು. ಪ್ಯಾಕೆಟ್ಟಿನ ಮೇಲೆ ಬ್ಲೇಡಿನ ನಂಬರ್ ಅಲ್ಲ, ಅದು ಯಾವ ಹಿಡಿಗೆ ಎಂದು ಬರೆದಿರುವುದನ್ನು ಓದಿ.

ಹಾಗಾದರೆ ಚಕ್ ಇರುವ ಚಾಕು ಬೇಡವೇ? ಅದಕ್ಕೂ ಜಾಗವಿದೆ. ಅದರ ಬ್ಲೇಡು ತುಸು ದಪ್ಪ, ಪಕ್ಕದ ಒತ್ತಡ ತಡೆಯುತ್ತದೆ. ಸ್ಪ್ರೂನ (ಮಾಡೆಲ್ಲಿನ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ) ಉಳಿಕೆ ಕೆತ್ತುವುದಕ್ಕೆ, ಅಚ್ಚಿನ ಗೆರೆ ಹೆರೆಯುವುದಕ್ಕೆ ಅದೇ ವಾಸಿ. ತೊಂದರೆ ಇರುವುದು ಚಕ್ಕಿನಲ್ಲಿ. ತಿರುವು ಗೆರೆ ಕತ್ತರಿಸುವಾಗ ಬೆರಳುಗಳ ನಡುವೆ ಹಿಡಿಯನ್ನು ಉರುಳಿಸುತ್ತೇವಲ್ಲ, ಆ ಉರುಳಿಕೆಗೇ ಚಕ್ ಕೂದಲೆಳೆಯಷ್ಟು ಸಡಿಲವಾಗುತ್ತದೆ, ಬ್ಲೇಡು ಅಲ್ಲಾಡುತ್ತದೆ, ಗೆರೆ ಎರಡಾಗುತ್ತದೆ. ಗುಂಡನೆಯ ಹಿಡಿ ಮೇಜಿನಿಂದ ಉರುಳುವುದು ಇನ್ನೊಂದು ಪೀಡೆ. ಬೀಳುವ ಚಾಕುವನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ಎಳೆದುಕೊಳ್ಳಿ. ಸ್ಕಾಲ್ಪೆಲ್ಲಿನ ಚಪ್ಪಟೆ ಹಿಡಿ ಇಟ್ಟಲ್ಲೇ ಇರುತ್ತದೆ.

ಒಂದೇ ಹಿಡಿ ಕೊಳ್ಳುವುದಾದರೆ ನನ್ನ ಓಟು 3ಕ್ಕೆ. ಕಾಗದ, ಡೆಕಾಲ್ (ಮಾಡೆಲ್ಲಿಗೆ ಅಂಟಿಸುವ ಚಿತ್ರ), ಮಾಸ್ಕಿಂಗ್ ಟೇಪ್, ಅರ್ಧ ಮಿಲಿಮೀಟರ್ ಒಳಗಿನ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ತೆಳು ವೆನೀರ್ (ಮರದ ಹಾಳೆ) ಎಲ್ಲಕ್ಕೂ ಸಾಕು. ಕಾಗದದ ಕುಸುರಿಗೆ 11 ಅಥವಾ 10ಎ. 11ರ ಮೊನೆ ಉದ್ದ, ಸಪೂರ. ಕಿರಿದಾದ ಮೂಲೆಗೆ ಇಳಿಯುತ್ತದೆ, ಅಷ್ಟೇ ಬೇಗ ಮುರಿಯುತ್ತದೆ. 10ಎ ಮೊನೆ ಗಿಡ್ಡ, ಸ್ವಲ್ಪ ಹೆಚ್ಚು ತಡೆಯುತ್ತದೆ. ಹೊಸಬರು ಅದರಿಂದ ಶುರು ಮಾಡಲಿ. 15ರ ದುಂಡು ಬಾಯಿ ಕತ್ತರಿಸುವುದಕ್ಕಿಂತ ಪುಟ್ಟಿ ಹೆರೆಯಲು ಚೆನ್ನ.

7 ನೋಡಲು ಪೆನ್ನಿನಂತೆ ಚೆಂದ. ಎರಡು ನಿಮಿಷದ ಕೆಲಸಕ್ಕೆ ಖುಷಿಯೂ ಕೊಡುತ್ತದೆ. ಗಂಟೆಗಟ್ಟಲೆ ಕೂತರೆ ಸಪೂರ ಲೋಹದ ಅಂಚು ನಡುಬೆರಳಿನ ಪಕ್ಕಕ್ಕೆ ಒತ್ತಿ ಗುರುತು ಮಾಡುತ್ತದೆ. ಜೋಡಿಸಿದ ಮಾಡೆಲ್ಲಿನ ಒಳಮೂಲೆಗೆ ಕೈ ಹಾಕಬೇಕಾದಾಗ ಅದರ ಉದ್ದ ಉಪಯೋಗಕ್ಕೆ ಬರುತ್ತದೆ, ಅಷ್ಟಕ್ಕೇ ಇಟ್ಟುಕೊಳ್ಳಿ. 4 ಬೇಕಾಗುವುದು ಫೋಮ್ ಬೋರ್ಡ್, ರಟ್ಟು, ತೆಳು ಚರ್ಮಕ್ಕೆ. ಎರಡು ಮಿಲಿಮೀಟರ್ ದಾಟಿದ ಗಟ್ಟಿ ರಟ್ಟಿಗೆ ಸ್ಕಾಲ್ಪೆಲ್ಲೇ ಬೇಡ; ತುದಿ ಮುರಿದು ಬಿಸಾಡುವ ಕಟರ್ ಸಾಕು.

ಇನ್ನು ನಾಲಗೆ. ಹೊಳಪು, ತೂಕ, ಹಿಡಿಯ ಮೇಲಿನ ಗೀರು ಎಲ್ಲ ಆಮೇಲಿನ ಮಾತು. ಹೊಸ ಬ್ಲೇಡು ಹಾಕಿ, ಅದರ ಬೆನ್ನನ್ನು ಇಕ್ಕಳದಿಂದ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ತಳ್ಳಿ ನೋಡಿ. ಬ್ಲೇಡಿನ ಬುಡ ಓರೆಯಾಗಿರುತ್ತದೆ, ಹಿಡಿಯ ಭುಜವೂ ಅದೇ ಓರೆಯಲ್ಲಿರುತ್ತದೆ. ಎರಡರ ನಡುವೆ ಬೆಳಕು ಕಂಡರೆ ಬ್ಲೇಡು ಪೂರ್ತಿ ಕೂತಿಲ್ಲ, ಇಲ್ಲವೇ ಹಿಡಿಯ ಅಳತೆ ಸರಿಯಿಲ್ಲ. ಅಗ್ಗದ ನಕಲು ಹಿಡಿಗಳಲ್ಲಿ ಎರಡು ಬಗೆಯ ದೋಷ: ಗೀರುಗಾಲುವೆ ಅಗಲವಾಗಿದ್ದು ಬ್ಲೇಡು ಅಲ್ಲಾಡುವುದು, ಅಥವಾ ಇಕ್ಕಟ್ಟಾಗಿದ್ದು ಬ್ಲೇಡು ಅರ್ಧಕ್ಕೇ ಸಿಕ್ಕಿಕೊಳ್ಳುವುದು. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಜನ ಹೆಬ್ಬೆರಳು ಹಾಕಿ ಒತ್ತುತ್ತಾರೆ. ಸುಮಾರು 0.4 ಮಿಲಿಮೀಟರ್ ದಪ್ಪದ ಉಕ್ಕು ಅದು, ಬಾಗಿದ್ದು ಚಿಮ್ಮಿದರೆ ಬೆರಳಿಗೇ ಬರುತ್ತದೆ. ಪೂರ್ತಿ ಪ್ಲಾಸ್ಟಿಕ್ ಹಿಡಿಯಲ್ಲಿ ನಾಲಗೆಯೂ ಪ್ಲಾಸ್ಟಿಕ್ಕೇ ಆದರೆ ಹತ್ತಾರು ಬಾರಿ ಬ್ಲೇಡು ಬದಲಿಸುವಷ್ಟರಲ್ಲಿ ಅಂಚು ಸವೆಯುತ್ತದೆ. ಸ್ಟೇನ್‌ಲೆಸ್ ಉಕ್ಕಿನದ್ದೋ ನಿಕ್ಕಲ್ ಸಿಲ್ವರಿನದ್ದೋ ಇರಲಿ.

ಬ್ಲೇಡು ಹಾಕುವ ಕ್ರಮ ಹೀಗೆ. ಇಕ್ಕಳದಿಂದ ಬ್ಲೇಡಿನ ಬೆನ್ನು ಹಿಡಿಯಿರಿ, ಬಾಯಿಗೆ ಇಕ್ಕಳ ತಾಗಬಾರದು. ಬುಡದ ಓರೆ ಹಿಡಿಯ ಓರೆಗೆ ಹೊಂದುವ ಕಡೆ ತಿರುಗಿಸಿ, ಸೀಳಿನ ಅಗಲ ಭಾಗವನ್ನು ನಾಲಗೆಯ ಮೇಲಿಟ್ಟು ಹಿಡಿಯ ಕಡೆಗೆ ಜಾರಿಸಿ. ಕೊನೆಯಲ್ಲಿ ಹಿಮ್ಮಡಿ, ಅಂದರೆ ಬ್ಲೇಡಿನ ಬುಡದ ತುದಿ, ಟಕ್ ಎಂದು ಕೆಳಗೆ ಬೀಳುತ್ತದೆ. ಆ ಸದ್ದು ಕೇಳದಿದ್ದರೆ ಕೆಲಸ ಶುರು ಮಾಡಬೇಡಿ. ತೆಗೆಯುವಾಗ ಹಿಮ್ಮಡಿಯನ್ನು ಇಕ್ಕಳದಿಂದ ಒಂಚೂರು ಎತ್ತಿ, ಮೊನೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಮುಂದಕ್ಕೆ ತಳ್ಳಿ. ಹೆಚ್ಚು ಎತ್ತಿದರೆ ಬ್ಲೇಡು ತುಂಡಾಗಿ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ. ಚೆನ್ನಾಗಿದ್ದ ಹಿಡಿ ಒಂದು ದಿನ ಇದ್ದಕ್ಕಿದ್ದಂತೆ ಬಿಗಿಯಾದರೆ ಹೆಚ್ಚಿನ ಪಾಲು ಕಾರಣ ಗೀರುಗಾಲುವೆಯಲ್ಲಿ ಒಣಗಿದ ಸೂಪರ್ ಗ್ಲೂ. ಅಸಿಟೋನಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಸೂಜಿಯಿಂದ ಕೆದಕಿ ತೆಗೆಯಿರಿ. ಪ್ಲಾಸ್ಟಿಕ್ ಹಿಡಿಗೆ ಅಸಿಟೋನ್ ಬೇಡ.

ಚಪ್ಪಟೆ ಹಿಡಿ ಬೆರಳಿಗೆ ಒತ್ತುತ್ತದೆ ಎನ್ನುವವರು ಅದರ ಮೇಲೆ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿಕೊಳ್ಳಬಹುದು. ಒಂದು ಪದರ ಜಾರುವಿಕೆ ತಡೆಯಲು, ಎರಡು ಪದರ ದಪ್ಪಕ್ಕೆ. ಬ್ಲೇಡು ತೆಗೆದೇ ಬಿಸಿ ಮಾಡಿ, ನಾಲಗೆಯ ಬುಡದಿಂದ ಹತ್ತು ಮಿಲಿಮೀಟರ್ ಬಿಡಿ. ಇಲ್ಲದಿದ್ದರೆ ಹಿಮ್ಮಡಿ ಎತ್ತಲು ಇಕ್ಕಳಕ್ಕೆ ಜಾಗವೇ ಇರುವುದಿಲ್ಲ. ಸ್ಪಂಜಿನಂಥ ದಪ್ಪ ಹೊದಿಕೆ ನನ್ನ ಲೆಕ್ಕದಲ್ಲಿ ತಪ್ಪು: ಮೊನೆ ಕೆಳಗಿನ ಕಟಿಂಗ್ ಮ್ಯಾಟಿಗೆ ತಾಗಿದ ಅರಿವು ಬೆರಳಿಗೆ ಮುಟ್ಟುವುದೇ ಇಲ್ಲ.

ಬ್ಲೇಡು ಕೊಳ್ಳುವಾಗ ಸ್ಟೆರೈಲ್ ಅಲ್ಲದ, ಕಾರ್ಬನ್ ಉಕ್ಕಿನ ನೂರರ ಡಬ್ಬಿ ತೆಗೆದುಕೊಳ್ಳಿ. ಕಾಗದಕ್ಕೆ ಸ್ಟೆರಿಲೈಸ್ ಮಾಡಿದ ಬ್ಲೇಡೇಕೆ? ಕಾರ್ಬನ್ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಹಾಗಾಗಿ ಪೊಟ್ಟಣ ಒಡೆಯುವುದು ಬೇಕಾದಾಗ ಮಾತ್ರ. ಕಾಗದ ಕತ್ತರಿಸುವ ಬದಲು ಎಳೆ ಎಳೆಯಾಗಿ ಎದ್ದರೆ ಬ್ಲೇಡು ಮೊಂಡಾಗಿದೆ ಎಂದರ್ಥ. ಆಗ ಒತ್ತಡ ಹೆಚ್ಚಿಸಿದರೆ ಮೊನೆ ಮುರಿಯುತ್ತದೆ, ಬೇರೆ ಹಾಕಿ. ಹಳೆಯದನ್ನು ಕಸದ ಬುಟ್ಟಿಗೆ ಬಿಡಿಯಾಗಿ ಎಸೆಯಬೇಡಿ. ಮುಚ್ಚಳದಲ್ಲಿ ಒಂದು ಸೀಳು ಮಾಡಿದ ತಗಡಿನ ಡಬ್ಬಿ ಮೇಜಿನ ಮೇಲಿರಲಿ, ತುಂಬಿದಾಗ ಸೀಳಿಗೆ ಟೇಪ್ ಸುತ್ತಿ, ಒಳಗೇನಿದೆ ಎಂದು ಮೇಲೆ ಬರೆದು ಕೊಡಿ.